ದಾನ ಬೇರೆ, ಬಾಕಿ ಬೇರೆ



ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯ ಚಿತ್ರವೇ ಬದಲಾಗುತ್ತದೆ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಎತ್ತಿನ ಬಂಡಿಗಳು, ಬಯಲಿನಲ್ಲಿ ಕಬ್ಬು ಕಡಿಯುವ ಟೋಳಿಯವರ ಗುಡಿಸಲುಗಳು, ರಾತ್ರಿಯಿಡೀ ಉರಿಯುವ ಕಾರ್ಖಾನೆಯ ದೀಪಗಳು. ಮಹಾರಾಷ್ಟ್ರದಲ್ಲಿಯೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಈ ಸಲದ ಅಂಕಣದಲ್ಲಿ ಬೀಜ, ಗೊಬ್ಬರ, ಔಷಧಗಳ ಮಾತನ್ನು ಬದಿಗಿಟ್ಟು, ನಮ್ಮ ಹೊಲ ಹಾಗೂ ನಮ್ಮ ಆರೋಗ್ಯ ಎರಡನ್ನೂ ಮುಟ್ಟುವ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಊರಿನ ಅಭಿವೃದ್ಧಿಯ ಹೆಸರಿನಲ್ಲಿ ಬರುವ ಕಾರ್ಖಾನೆ, ಕಂಪನಿಗಳಿಂದ ಊರಿನವರು ಲೆಕ್ಕ ಕೇಳುವುದು ಹೇಗೆ?

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಹತ್ತಿರದ ಒಂದು ಕಾರ್ಖಾನೆಯವರು ಕೆಲವು ಚೀಲ ಸಕ್ಕರೆ ಕಳುಹಿಸಿದ್ದರು. ಚಪ್ಪರದ ಖರ್ಚನ್ನೂ ಕೊಟ್ಟಿದ್ದರು. ಬಲಿಪೂಜೆಯ ಕೊನೆಯಲ್ಲಿ ನಾವು ಬಲಿಪೀಠದ ಬಳಿಯಿಂದಲೇ ಅವರಿಗೆ ಧನ್ಯವಾದ ಹೇಳಿದೆವು. ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ಊಟಕ್ಕೆ ಹೋದ ಮೇಲೆ ಒಬ್ಬ ಹಿರಿಯ ರೈತರು ಬಾಗಿಲ ಬಳಿ ನಿಂತಿದ್ದರು. "ಫಾದರ್, ಸಕ್ಕರಿ ಅವರದಲ್ರಿ, ನಮ್ಮದು. ಕಬ್ಬು ಕಳಿಸಿ ಐದು ತಿಂಗಳಾತು, ಬಿಲ್ ಇನ್ನಾ ಬಂದಿಲ್ರಿ" ಎಂದರು. ನಾವೇನು ಉತ್ತರ ಕೊಟ್ಟೆವು? "ತಾಳ್ಮಿ ತಗೋರಿ ಮುತ್ಯಾ, ತಾಳಿದವನು ಬಾಳಿಯಾನು" ಎಂದೆವು.

ಆ ಉತ್ತರ ಸರಿಯಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು. ಆ ಹಿರಿಯರು ನಮ್ಮ ಬಳಿ ದಾನ ಕೇಳಲು ಬಂದಿರಲಿಲ್ಲ, ಸಮಾಧಾನ ಕೇಳಲೂ ಬಂದಿರಲಿಲ್ಲ. ತಮಗೆ ಬರಬೇಕಾದ ಬಾಕಿಯ ಮಾತು ಹೇಳಿದ್ದರು. ದಾನಕ್ಕೆ ಧನ್ಯವಾದ ಹೇಳಬೇಕು, ಬಾಕಿಯನ್ನು ಕೇಳಿ ಪಡೆಯಬೇಕು. ಈ ಎರಡನ್ನೂ ಬೆರೆಸಿದರೆ ಊರಿನವರ ಬಾಯಿ ಕಟ್ಟಿದಂತೆಯೇ.

ಕಾರ್ಖಾನೆ ಬೇಡವೆಂದಲ್ಲ

ಕಾರ್ಖಾನೆಗಳು ಬರಬಾರದೆಂದು ನಾವು ಹೇಳುತ್ತಿಲ್ಲ. ಸೋಲಾಪುರವನ್ನು ಬೆಳೆಸಿದ್ದೇ ಗಿರಣಿಗಳು. 1870ರ ದಶಕದಲ್ಲಿ ಬಂದ ಹಳೇ ಗಿರಣಿಯಿಂದ ಹಿಡಿದು ಎಷ್ಟೋ ಗಿರಣಿಗಳು ಇಲ್ಲಿಯ ಕನ್ನಡ, ತೆಲುಗು, ಮರಾಠಿ ಮನೆಗಳಿಗೆ ಅನ್ನ ಕೊಟ್ಟವು. ಅವು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಮನೆಗಳ ಒಲೆ ತಣ್ಣಗಾದದ್ದನ್ನೂ ಹಿರಿಯರು ಕಂಡಿದ್ದಾರೆ. ಇಂದು ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಮಗ್ಗಗಳಿವೆ. ದಕ್ಷಿಣ ಸೋಲಾಪುರ ತಾಲೂಕಿನ ಆಹೇರವಾಡಿ, ಫತಾಟೇವಾಡಿಗಳ ಬಳಿ ಎನ್‌ಟಿಪಿಸಿಯ 1,320 ಮೆಗಾವಾಟ್ ವಿದ್ಯುತ್ ಸ್ಥಾವರವಿದೆ. ಭೀಮೆಯ ಎರಡೂ ದಂಡೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಮಳೆ ಕೈಕೊಡುವ ಈ ನಾಡಿನಲ್ಲಿ ಉದ್ಯೋಗ ಬೇಕು. ಆದರೆ ಉದ್ಯೋಗ ಕೊಟ್ಟವರು ನೀರು ಕೆಡಿಸಬಹುದು, ಬಿಲ್ಲು ತಡೆಹಿಡಿಯಬಹುದು ಎಂಬ ಒಪ್ಪಂದವನ್ನು ಯಾರೂ ಮಾಡಿಕೊಂಡಿಲ್ಲ.

ಧರ್ಮಸಭೆಯ ಬೋಧನೆಯೂ ಇದೇ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ಕಾರ್ಮಿಕರ ಹಕ್ಕುಗಳ ಕುರಿತು ವಿಶ್ವಪತ್ರ ಬರೆದರು. 2009ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು, ಕಂಪನಿಯೊಂದು ತನ್ನ ಮಾಲೀಕರಿಗೆ ಮಾತ್ರವಲ್ಲ, ಕೆಲಸಗಾರರಿಗೂ ಗಿರಾಕಿಗಳಿಗೂ ಸರಕು ಒದಗಿಸುವವರಿಗೂ ಸುತ್ತಲಿನ ಸಮುದಾಯಕ್ಕೂ ಜವಾಬುದಾರಿಯಾಗಿದೆ ಎಂದು ತಿಳಿಸಿದರು. ಕಬ್ಬು ಕೊಡುವ ರೈತ, ಹಳ್ಳದ ಬದಿಯ ಹಳ್ಳಿ ಈ ಮಾತಿನೊಳಗೆ ಬರುತ್ತಾರೆ.

ಹದಿನಾಲ್ಕು ದಿನಗಳ ಕಾಯಿದೆ

ಆ ಹಿರಿಯರಿಗೆ ನಾವು ಅಂದು ಹೇಳಬೇಕಾಗಿದ್ದ ಮಾತು ಇದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಕಾರ್ಖಾನೆಯು ರೈತನಿಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಒಂದು ಲೆಕ್ಕ ನೋಡೋಣ. ಒಬ್ಬ ರೈತನಿಗೆ 1,20,000 ರೂಪಾಯಿ ಬರಬೇಕಾಗಿದ್ದು, 14 ದಿನಗಳ ಮೇಲೆ ನಾಲ್ಕು ತಿಂಗಳು ತಡವಾಯಿತೆನ್ನಿ. ಬಡ್ಡಿಯೇ 6,000 ರೂಪಾಯಿ ಆಗುತ್ತದೆ. ಅದೇ ನಾಲ್ಕು ತಿಂಗಳು ಆ ರೈತ ಸಾಹುಕಾರನ ಬಳಿ ಸಾಲ ತಂದು ಬಡ್ಡಿ ಕಟ್ಟಿರುತ್ತಾನೆ. ತನಗೆ ಬರಬೇಕಾದ ಬಡ್ಡಿಯನ್ನು ಕೇಳುವವರು ಮಾತ್ರ ವಿರಳ.

ಕಬ್ಬಿನ ಕನಿಷ್ಠ ಬೆಲೆಯನ್ನು ಕೇಂದ್ರ ಸರಕಾರವು ಪ್ರತಿ ಹಂಗಾಮಿಗೂ ಗೊತ್ತುಪಡಿಸುತ್ತದೆ. ಇದನ್ನೇ ರೈತರು ಎಫ್‌ಆರ್‌ಪಿ ಎನ್ನುತ್ತಾರೆ. 2025-26ರ ಹಂಗಾಮಿಗೆ ಅದು ಟನ್ನಿಗೆ 3,550 ರೂಪಾಯಿ. ಆದರೆ ಇದು ಶೇಕಡಾ 10.25 ಸಕ್ಕರೆ ಇಳುವರಿಗೆ ಹೇಳಿದ ಬೆಲೆ. ಇಳುವರಿ ಹೆಚ್ಚಿದರೆ ಬೆಲೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ; ಇಳುವರಿ ಶೇಕಡಾ 9.5ಕ್ಕಿಂತ ಕೆಳಗೆ ಹೋದರೂ 3,290 ರೂಪಾಯಿ 50 ಪೈಸೆಗಿಂತ ಕಡಿಮೆಯಾಗುವಂತಿಲ್ಲ. ಮಹಾರಾಷ್ಟ್ರದಲ್ಲಿ ಕಡಿಯುವ ಮತ್ತು ಸಾಗಿಸುವ ಖರ್ಚನ್ನು ಇದರಿಂದ ಕಳೆಯುತ್ತಾರೆ. ಆದುದರಿಂದ ಇಳುವರಿ ಎಷ್ಟು, ಖರ್ಚು ಎಷ್ಟು ಹಿಡಿದರು ಎಂಬ ಎರಡು ಅಂಕಿಗಳನ್ನು ಕೇಳಿ ತಿಳಿದುಕೊಳ್ಳದೆ ಬಿಲ್ಲು ಸರಿಯೋ ತಪ್ಪೋ ಹೇಳಲಾಗದು.

ಹಣ ಬಾರದಿದ್ದರೆ ಪುಣೆಯ ಸಕ್ಕರೆ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ವಸೂಲಿ ಆದೇಶ ಹೊರಡಿಸಿದರೆ ಜಿಲ್ಲಾಧಿಕಾರಿಗಳು ಆ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಾರೆ. ಅಕ್ಕಲಕೋಟದ ಕಬ್ಬು ಗಡಿಯಾಚೆಯ ಕರ್ನಾಟಕದ ಕಾರ್ಖಾನೆಗೆ ಹೋಗಿದ್ದರೂ ಇದೇ 14 ದಿನಗಳ ನಿಯಮ ಅನ್ವಯಿಸುತ್ತದೆ. ಆಗ ಆ ರಾಜ್ಯದ ಸಕ್ಕರೆ ಆಯುಕ್ತರಿಗೆ ಬರೆಯಬೇಕು.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2022ರಲ್ಲಿ ಮಹಾರಾಷ್ಟ್ರ ಸರಕಾರವು ಈ ಬೆಲೆಯನ್ನು ಕಂತುಗಳಲ್ಲಿ ಕೊಡಲು ಅವಕಾಶ ಮಾಡಿಕೊಟ್ಟಿತು. ರೈತ ನಾಯಕ ರಾಜು ಶೆಟ್ಟಿಯವರು ಮುಂಬೈ ಉಚ್ಚ ನ್ಯಾಯಾಲಯಕ್ಕೆ ಹೋದರು. 2025ರ ಮಾರ್ಚಿನಲ್ಲಿ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕುಳಿತ ಮೇಲೆ ಕರ್ನಾಟಕ ಸರಕಾರವು ಕಾರ್ಖಾನೆಯವರನ್ನು ಕರೆದು ಮಾತಾಡಿ ಬೆಲೆಯನ್ನು ಹೆಚ್ಚಿಸಬೇಕಾಯಿತು.

ಚೀಲದಲ್ಲಿ ಎರಡು ಬಟ್ಟು

ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ದೇವರು ತೂಕದ ಕಲ್ಲುಗಳ ವಿಷಯ ಮಾತಾಡುತ್ತಾರೆ. ಕೊಳ್ಳಲು ಒಂದು ಬಟ್ಟು, ಮಾರಲು ಇನ್ನೊಂದು ಬಟ್ಟು ಇಟ್ಟುಕೊಳ್ಳುವುದು ಅವರಿಗೆ ಅಸಹ್ಯ. ಇಂದು ಕಲ್ಲಿನ ಬಟ್ಟು ಹೋಗಿ ವಿದ್ಯುತ್ ಕಾಟಾ ಬಂದಿದೆ, ಆದರೆ ಸಂಶಯ ಹೋಗಿಲ್ಲ. ಸಂಶಯವನ್ನು ಚಹದ ಅಂಗಡಿಯಲ್ಲಿ ಆಡಿ ಮುಗಿಸುವುದರಿಂದ ಫಲವಿಲ್ಲ. ಟ್ರಾಲಿಯನ್ನು ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳಿರಿ. ಹತ್ತು ರೈತರ ಹತ್ತು ಚೀಟಿಗಳನ್ನು ಕಾರ್ಖಾನೆಯ ಚೀಟಿಗಳೊಂದಿಗೆ ಹೋಲಿಸಿರಿ. ವ್ಯತ್ಯಾಸ ಕಂಡರೆ ವೈಧಮಾಪನ ಇಲಾಖೆಗೆ, ಅಂದರೆ ತೂಕ-ಅಳತೆಯ ಕಚೇರಿಗೆ, ಎಲ್ಲರೂ ಸೇರಿ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ ಅದನ್ನೂ ಊರಿನಲ್ಲಿ ಹೇಳಿರಿ; ಸುಳ್ಳು ಅಪವಾದ ಹೊರಿಸುವುದೂ ಪಾಪವೇ.

ಸಹಕಾರಿ ಕಾರ್ಖಾನೆಯ ಸದಸ್ಯರಿಗೆ ಇನ್ನೊಂದು ಬಲವಿದೆ. ಅವರು ಅಲ್ಲಿ ಕೇವಲ ಕಬ್ಬು ಮಾರುವವರಲ್ಲ, ಮಾಲೀಕರು. ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸಪ್ಟೆಂಬರ್ 30ರೊಳಗೆ, ವಾರ್ಷಿಕ ಸಭೆ ನಡೆಯಬೇಕು. ಆ ಸಭೆಗೆ ಊಟಕ್ಕಾಗಿ ಹೋಗುವವರು ಬಹಳ, ಲೆಕ್ಕಪತ್ರ ಓದಿ ಹೋಗುವವರು ಕಡಿಮೆ.

ಬಾವಿಯ ನೀರು, ಮನೆಯ ಗಾಳಿ

ಈಗ ಆರೋಗ್ಯದ ವಿಷಯಕ್ಕೆ ಬರೋಣ. ಸಕ್ಕರೆ ಕಾರ್ಖಾನೆಯ ಕೊಳೆನೀರಿನಲ್ಲಿ ವಿಷಕ್ಕಿಂತ ಹೆಚ್ಚಾಗಿ ಕೊಳೆಯುವ ಸಿಹಿ ಪದಾರ್ಥವಿರುತ್ತದೆ. ಅದು ಹಳ್ಳಕ್ಕೆ ಸೇರಿದಾಗ ಕೊಳೆಯುತ್ತಾ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಮೀನು ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕದ ಕೊಳೆನೀರು ಇದಕ್ಕಿಂತ ಬಹಳ ತೀಕ್ಷ್ಣ. ಒಂದು ಲೀಟರ್ ಮದ್ಯಸಾರಕ್ಕೆ ಎಂಟರಿಂದ ಹದಿನೈದು ಲೀಟರ್ ಕಂದು ನೀರು ಉಳಿಯುತ್ತದೆ. ಅದು ಭೂಮಿಗೆ ಇಳಿದರೆ ಬಾವಿ, ಬೋರುಗಳ ನೀರಿಗೆ ಬಣ್ಣವೂ ಉಪ್ಪೂ ಸೇರುತ್ತವೆ. ಇಂಥ ಘಟಕಗಳು ಒಂದು ಹನಿಯನ್ನೂ ಹೊರಗೆ ಬಿಡಬಾರದೆಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ.

ತಾಯಂದಿರು ಒಂದು ಮಾತನ್ನು ನೆನಪಿಡಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕರಗಿದ ಉಪ್ಪು, ರಾಸಾಯನಿಕಗಳು ಹೋಗುವುದಿಲ್ಲ. ಬಣ್ಣ ಬದಲಾದ ಬಾವಿಯ ನೀರನ್ನು ಕುದಿಸಿ ಮಕ್ಕಳಿಗೆ ಕೊಡುವುದರಿಂದ ಅದು ಶುದ್ಧವಾಗದು. ಆ ಬಾವಿಯನ್ನು ಕುಡಿಯಲು ಬಳಸುವುದನ್ನು ನಿಲ್ಲಿಸಿ, ನೀರನ್ನು ಪರೀಕ್ಷೆ ಮಾಡಿಸಬೇಕು. ಸ್ವಚ್ಛ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಬಾಯಿತನಕ ತುಂಬಿ, ದಿನ, ವೇಳೆ, ಬಾವಿಯ ಹೆಸರು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಮುಚ್ಚಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ರೋಗಾಣು ಪರೀಕ್ಷೆಗೆ ಬಾಟಲಿಯನ್ನು ಪ್ರಯೋಗಾಲಯದವರಿಂದಲೇ ಪಡೆಯಬೇಕು.

ಗಾಳಿಯ ವಿಷಯವೂ ಹೀಗೆಯೇ. ಕಬ್ಬಿನ ಸಿಪ್ಪೆ ಸುಡುವ ಬಾಯ್ಲರಿನ ಕಪ್ಪು ಬೂದಿ ಒಣಗಿಸಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ ಬೀಳುವುದನ್ನು ಎಲ್ಲರೂ ನೋಡುತ್ತೇವೆ. ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಸಣ್ಣ ಕಣಗಳು ಹೆಚ್ಚು ಅಪಾಯಕಾರಿ. ಅವು ಪುಪ್ಪುಸದ ಒಳಗೆ ಇಳಿಯುತ್ತವೆ. ಹಂಗಾಮಿನಲ್ಲಿ ಎಷ್ಟು ಮಕ್ಕಳಿಗೆ ಕೆಮ್ಮು, ದಮ್ಮು ಬಂತೆಂದು ಆಶಾ ಕಾರ್ಯಕರ್ತೆಯರ ನೆರವಿನಿಂದ ಒಂದು ವಹಿಯಲ್ಲಿ ದಿನಾಂಕ ಸಹಿತ ಬರೆದಿಡಿರಿ. "ನಮ್ಮೂರಲ್ಲಿ ಎಲ್ಲರಿಗೂ ಕೆಮ್ಮು" ಎಂದರೆ ಅಧಿಕಾರಿಗಳು ತಲೆಯಾಡಿಸಿ ಕಳುಹಿಸುತ್ತಾರೆ. ದಿನಾಂಕವಿರುವ ವಹಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಪರಿಸರದ ಹಾನಿಗೆ ಪರಿಹಾರ ಬೇಕಾದರೆ 2010ರ ಕಾಯಿದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ಪೀಠವು ಪುಣೆಯಲ್ಲಿದೆ. ಸಾಮಾನ್ಯ ದೂರಿಗೆ ಆರು ತಿಂಗಳು, ಪರಿಹಾರದ ಅರ್ಜಿಗೆ ಐದು ವರ್ಷ ಎಂಬ ಗಡುವು ಇದೆ. ಸುಮ್ಮನೆ ಕಾದವರ ಹಕ್ಕು ಕೈಜಾರುತ್ತದೆ.

ಬರುವ ಮೊದಲೇ ಕೇಳಬೇಕು

ಕಾರ್ಖಾನೆ ನಿಂತ ಮೇಲೆ ಜಗಳವಾಡುವುದಕ್ಕಿಂತ ಬರುವ ಮೊದಲೇ ಕೇಳುವುದು ಮೇಲು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಅನೇಕ ದೊಡ್ಡ ಯೋಜನೆಗಳಿಗೆ ಮೊದಲು ಬಹಿರಂಗ ವಿಚಾರಣೆ ನಡೆಯಬೇಕು. ಅದಕ್ಕೆ 30 ದಿನಗಳ ಮುನ್ಸೂಚನೆ ಕೊಡಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಜನರ ಮಾತನ್ನು ಬರೆದುಕೊಂಡು, ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇಡೀ ಸಭೆಯ ವಿಡಿಯೋ ಚಿತ್ರಣವಾಗಬೇಕು. ಪೆಟ್ರೋಲಿಗೆ ಬೆರೆಸುವ ಎಥೆನಾಲಿಗಾಗಿಯೇ ಕಟ್ಟುವ ಕೆಲವು ಘಟಕಗಳಿಗೆ 2021ರಿಂದ ಈ ವಿಚಾರಣೆಯ ವಿನಾಯಿತಿ ಸಿಕ್ಕಿದೆ. ಹಾಗಿರುವಾಗ ಗ್ರಾಮಸಭೆಯ ಎಚ್ಚರ ಇನ್ನೂ ಹೆಚ್ಚಬೇಕು.

ಇಂಥ ಸಭೆಯಲ್ಲಿ "ಮನೆಗೊಂದು ನೌಕರಿ ಕೊಡುತ್ತೇವೆ, ರಸ್ತೆ ಮಾಡುತ್ತೇವೆ" ಎಂಬ ಮಾತುಗಳು ಬರುತ್ತವೆ. ಅವನ್ನು ಕೇಳಿ ಚಪ್ಪಾಳೆ ತಟ್ಟಿದರೆ ಸಾಲದು. ಎಷ್ಟು ನೌಕರಿ, ಕಾಯಮ್ಮೋ ಗುತ್ತಿಗೆಯೋ, ಯಾವ ವರ್ಷದೊಳಗೆ ಎಂದು ಕೇಳಿ ವರದಿಯಲ್ಲಿ ಬರೆಯಿಸಬೇಕು. ಅನುಮತಿ ಸಿಕ್ಕ ಮೇಲೆ ಷರತ್ತುಗಳ ಪಾಲನೆಯ ವರದಿಯನ್ನು ಕಂಪನಿಯು ಆರು ತಿಂಗಳಿಗೊಮ್ಮೆ ಒಪ್ಪಿಸಬೇಕು. ಅದು ಸಾರ್ವಜನಿಕ ದಾಖಲೆ. ಅದನ್ನು ತರಿಸಿ ಗ್ರಾಮಸಭೆಯಲ್ಲಿ ಓದಿಸಿರಿ. ವಿದ್ಯುತ್ ಸ್ಥಾವರದ ಹಾರುಬೂದಿಯೆಲ್ಲವೂ ಇಟ್ಟಿಗೆ, ಸಿಮೆಂಟು, ರಸ್ತೆ ಮುಂತಾದ ಕೆಲಸಕ್ಕೆ ಬಳಕೆಯಾಗಬೇಕೆಂದು 2021ರ ಡಿಸೆಂಬರಿನ ಅಧಿಸೂಚನೆ ಹೇಳುತ್ತದೆ. ಎಷ್ಟು ಬೂದಿ ಬಂತು, ಎಷ್ಟು ಹೋಯಿತು ಎಂದು ಕೇಳುವುದು ಸುತ್ತಲಿನ ಹಳ್ಳಿಗಳ ಹಕ್ಕು.

ಕೇಳಬೇಕಾದ ಪ್ರಶ್ನೆಗಳನ್ನು ತಡವಾಗಿ ಕೇಳಿದರೆ ಏನಾಗುತ್ತದೆಂಬುದನ್ನು ಸೋಲಾಪುರದವರು ಕಣ್ಣಾರೆ ಕಂಡಿದ್ದಾರೆ. ಕುಮಠೆಯ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ ವಿಮಾನ ಹಾರಾಟಕ್ಕೆ ಅಡ್ಡಿ, ಅದಕ್ಕೆ ಪರವಾನಿಗೆ ಇಲ್ಲ ಎಂಬ ವಿವಾದ ವರ್ಷಗಟ್ಟಲೆ ನಡೆದು, 2023ರ ಜೂನ್ 15ರಂದು ಅದನ್ನು ಕೆಡವಲಾಯಿತು. ನಗರದವರಿಗೆ ವಿಮಾನ ಬೇಕಿತ್ತು, ರೈತರಿಗೆ ಕಾರ್ಖಾನೆ ಬೇಕಿತ್ತು. ಚಿಮಣಿ ಏಳುವ ಮೊದಲೇ ಎಲ್ಲರೂ ಕುಳಿತು ಪರವಾನಿಗೆಯ ಕಾಗದ ನೋಡಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ.

ಕುಸನೂರಿನ ಪಾಠ

"ದೊಡ್ಡವರ ಎದುರು ನಾವೇನು ಮಾಡಲಾದೀತು?" ಎಂದು ಕೆಲವರು ಕೇಳುತ್ತಾರೆ. ಅವರಿಗೆ ಕುಸನೂರಿನ ಕಥೆಯನ್ನು ಹೇಳಬೇಕು. 1984ರಲ್ಲಿ ಕರ್ನಾಟಕ ಸರಕಾರವು ಹರಿಹರದ ಪಾಲಿಫೈಬರ್ಸ್ ಕಂಪನಿಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿತು. ಸುಮಾರು 75,000 ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಅದು ಹಳ್ಳಿಯವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಭೂಮಿ. ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಹಳ್ಳಿಗೆ ಹೋಗಿ ದಾಖಲೆ ಕೂಡಿಸಿದರು. ಶಿವರಾಮ ಕಾರಂತರೂ ಜತೆಗೂಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಜನರಿಗೂ ದನಗಳಿಗೂ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ಇದನ್ನೇ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹ ಎನ್ನುತ್ತಾರೆ. 1991ರಲ್ಲಿ ಸರಕಾರವು ಆ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು.

ನಮ್ಮ ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿಯೂ ಒಂದು ಸಾಕ್ಷಿಯಿದೆ. ಬೀಡಿ ಕಟ್ಟುವ ಹೆಂಗಸರು ಸಂಘ ಕಟ್ಟಿಕೊಂಡು ವರ್ಷಾನುಗಟ್ಟಲೆ ಬೆನ್ನು ಹತ್ತಿದ್ದರಿಂದ 2006ರಲ್ಲಿ ಅಲ್ಲಿ ಅವರಿಗೆ 10,000 ಮನೆಗಳು ಸಿಕ್ಕವು. 2024ರ ಜನವರಿ 19ರಂದು ರಾಯನಗರದಲ್ಲಿ ಅಸಂಘಟಿತ ಕಾರ್ಮಿಕರಿಗೆ ಇನ್ನೂ 15,000 ಮನೆಗಳ ಹಸ್ತಾಂತರವಾಯಿತು. ಮನೆಗಳಿಗೆ ನೆರವು ಬಂದದ್ದು ಸರಕಾರದಿಂದ, ಬೀಡಿ ಮಾಲೀಕರಿಂದಲ್ಲ. ಆದರೂ ಒಬ್ಬೊಬ್ಬರೇ ಕೇಳಿದ್ದರೆ ಅದು ಸಿಗುತ್ತಿರಲಿಲ್ಲ.

ಲಾಭದ ಶೇಕಡಾ ಎರಡು

2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಹಾಗಿದ್ದರೆ ಶಾಲೆಗೆ ಬಣ್ಣ ಹಚ್ಚಿಸಿದ್ದನ್ನು, ಆಸ್ಪತ್ರೆಗೆ ಮಂಚ ಕೊಟ್ಟದ್ದನ್ನು ಪೂರ್ತಿ ದಾನವೆನ್ನುವಂತಿಲ್ಲ. ಸಹಕಾರಿ ಕಾರ್ಖಾನೆಗಳು ಕಂಪನಿಗಳಲ್ಲವಾದ್ದರಿಂದ ಈ ಕಲಮು ಅವುಗಳಿಗೆ ಅನ್ವಯಿಸದು. ಇನ್ನೊಂದು ಮಾತು. ಈ ಹಣದಿಂದ ಕುಡಿಯುವ ನೀರಿನ ಟಾಕಿ ಕಟ್ಟಿಸಿದ ಮಾತ್ರಕ್ಕೆ ಹಳ್ಳಕ್ಕೆ ಕೊಳೆನೀರು ಬಿಡುವ ಹಕ್ಕು ಬರುವುದಿಲ್ಲ.

ನಾವು ಮಾಡಬಹುದಾದದ್ದು

1. ಪ್ರತಿ ಹಂಗಾಮಿಗೆ ಒಂದು ವಹಿ ಇಡಿರಿ. ಕಬ್ಬು ಕಳುಹಿಸಿದ ದಿನ, ತೂಕ, ಚೀಟಿಯ ಸಂಖ್ಯೆ, ಹಣ ಬಂದ ದಿನ ಇಷ್ಟು ಬರೆದರೆ ಸಾಕು.

2. ಬಾಯಿಮಾತಿನ ದೂರು ಬೇಡ. ಬರೆದು ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಠಸ್ಸೆ ಹಾಕಿಸಿಕೊಳ್ಳಿರಿ.

3. ಮರಾಠಿ ಬರೆಯಲು ಬಾರದೆಂದು ಹಿಂಜರಿಯಬೇಡಿರಿ. ಸಂವಿಧಾನದ 350ನೇ ಕಲಮಿನ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಮನವಿ ಕೊಡಬಹುದು. ಕನ್ನಡದಲ್ಲಿ ಬರೆದು, ಸಾಧ್ಯವಾದರೆ ಮರಾಠಿ ಪ್ರತಿಯನ್ನೂ ಜೋಡಿಸಿರಿ.

4. 2005ರ ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬರಬೇಕು. ಕಾರ್ಖಾನೆಗೆ ಅಲ್ಲ, ಅದರ ಮೇಲ್ವಿಚಾರಣೆ ನಡೆಸುವ ಸರಕಾರಿ ಕಚೇರಿಗೆ ಅರ್ಜಿ ಹಾಕಿರಿ.

5. ಗ್ರಾಮಸಭೆಗೆ ಹೋಗಿರಿ, ಅದಕ್ಕೆ ಮುಂಚಿನ ಮಹಿಳಾ ಸಭೆಗೆ ತಾಯಂದಿರು ತಪ್ಪದೆ ಹೋಗಿರಿ. ಬಾವಿಯ ನೀರು ಕೆಟ್ಟದ್ದನ್ನು ಮೊದಲು ಅರಿಯುವವರು ಅವರೇ. ಠರಾವು ಬರೆಯುವವರೆಗೆ ಎದ್ದು ಬರಬೇಡಿರಿ.

6. ಒಬ್ಬರೇ ಹೋಗಬೇಡಿರಿ. ಜಾತಿ, ಮತ, ಭಾಷೆ ನೋಡದೆ ಹತ್ತು ಮಂದಿ ಕೂಡಿ ಹೋಗಿರಿ. ಕೆಟ್ಟ ಬಾವಿ ಯಾರ ಧರ್ಮವನ್ನೂ ಕೇಳುವುದಿಲ್ಲ.

ನಮ್ಮ ಲೆಕ್ಕವೂ ಇದೆ

ಲೆಕ್ಕ ಕೇಳುವವರು ಲೆಕ್ಕ ಕೊಡಲೂ ಸಿದ್ಧರಿರಬೇಕು. ಕೊಯ್ಲು ಮಾಡಿದವರ ಕೂಲಿಯನ್ನು ತಡೆಹಿಡಿದ ಹೊಲದ ಒಡೆಯರನ್ನು ಯಕೋಬನು ತನ್ನ ಪತ್ರದಲ್ಲಿ ಗದರಿಸುತ್ತಾನೆ. ಆ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆ. ಬೀಡ ಮುಂತಾದ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದು ನಮ್ಮ ಕಬ್ಬು ಕಡಿಯುವವರು ಚಳಿಯಲ್ಲಿ ಗುಡಿಸಲಿನಲ್ಲಿ ಮಲಗುತ್ತಾರೆ. ಅವರಿಗೆ ಕುಡಿಯುವ ನೀರು, ಅವರ ಹೆಂಗಸರಿಗೆ ಮರೆ, ಅವರ ಮಕ್ಕಳಿಗೆ ಲಸಿಕೆ ಸಿಕ್ಕಿದೆಯೇ ಎಂದು ನಾವು ಕೇಳಿದ್ದೇವೆಯೇ? ಕಾರ್ಖಾನೆ ನಮಗೆ ಬಾಕಿ ಇಟ್ಟದ್ದು ಅನ್ಯಾಯವಾದರೆ, ನಾವು ಅವರಿಗೆ ಬಾಕಿ ಇಡುವುದೂ ಅನ್ಯಾಯವೇ.

ಆ ಹಿರಿಯ ರೈತರು ಈಗ ಇಲ್ಲ. ಅವರ ಹಣ ಮಳೆಗಾಲ ಆರಂಭವಾದ ಮೇಲೆ ಬಂತು, ಬಡ್ಡಿ ಬರಲಿಲ್ಲ. ಬಡ್ಡಿ ಕೇಳಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ನಾವೂ ಹೇಳಲಿಲ್ಲ. ಅವರ ಮಗ ಇಂದು ವಹಿ ಇಡುತ್ತಾನೆ. ಹೋದ ಹಂಗಾಮಿನಲ್ಲಿ ಹದಿನೈದನೆಯ ದಿನವೇ ಊರಿನ ಹನ್ನೊಂದು ರೈತರ ಸಹಿ ಹಾಕಿಸಿಕೊಂಡು ಅರ್ಜಿ ತಂದು, "ಫಾದರ್, ಇದರ ಮರಾಠಿ ಒಂದ್ಸಲ ನೋಡ್ರಿ" ಎಂದ. ನಾವು ತಾಳ್ಮೆಯ ಮಾತು ಆಡಲಿಲ್ಲ. ಕನ್ನಡಕ ಹಾಕಿಕೊಂಡು ಕುಳಿತು ಅರ್ಜಿಯನ್ನು ತಿದ್ದಿಕೊಟ್ಟೆವು.

ಹಬ್ಬಕ್ಕೆ ಯಾರಾದರೂ ಸಕ್ಕರೆ ಕೊಟ್ಟರೆ ಇಂದಿಗೂ ಸಂತೋಷದಿಂದ ಸ್ವೀಕರಿಸುತ್ತೇವೆ. ಆದರೆ ಧನ್ಯವಾದ ಹೇಳುವ ಮೊದಲು ರೈತರ ಬಿಲ್ಲು ಮುಟ್ಟಿದೆಯೇ ಎಂದು ಕೇಳುತ್ತೇವೆ. ದೇವರು ತಮ್ಮ ಹೊಲಗಳನ್ನೂ ಬಾವಿಗಳನ್ನೂ ಮನೆಯ ಮಕ್ಕಳನ್ನೂ ಕಾಪಾಡಲಿ.